ದುರಸ್ತಿಯೋ, ಮಾರ್ಪಾಡೋ?

ಡೊಂಬಿವಲಿಯ ನಮ್ಮ ಹಿರಿಯ ಮಿತ್ರರೊಬ್ಬರಲ್ಲಿ ಅವರ ತಂದೆಯ ಕಾಲದ ಡಾಜ್ ಕಾರಿದೆ. ಭಾನುವಾರ ಅವರು ಬಾನೆಟ್ ಎತ್ತಿದರೆ ಪಾನಾ ಹಿಡಿದು ನಿಲ್ಲುವವರು ನಾವು. ವಾಲ್‌ಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್, ಕ್ರೈಸ್ಲರ್ ಕಂಪನಿಯ ಒಪ್ಪಂದದಂತೆ ಕುರ್ಲಾದಲ್ಲಿ ಜೋಡಿಸಿದ ಅಮೆರಿಕನ್ ಗಾಡಿಯಿದು. 1973ರಲ್ಲಿ ತೈಲದ ಬೆಲೆ ಏರಿದ ಮೇಲೆ ತಂದೆಯವರು ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸಿದರು, ಆರ್.ಸಿ. ಪುಸ್ತಕದಲ್ಲಿ ಅದನ್ನು ಬರೆಸಿಯೂ ಇದ್ದರು.

2021ರ ನಿಯಮದಂತೆ, 50 ವರ್ಷ ದಾಟಿ ಮೂಲರೂಪದಲ್ಲೇ ಉಳಿದ ವಾಹನಕ್ಕೆ ಮಾತ್ರ ವಿಂಟೇಜ್ ನೋಂದಣಿ. ಕಲ್ಯಾಣದ ದಲ್ಲಾಳಿಯೊಬ್ಬ ಬಂದು, "ಗುಜರಿಯಿಂದ ಹಳೆಯ ಎಂಜಿನ್ ತರಿಸುವೆ, ಮೊದಲಿನದೇ ಎಂದರಾಯಿತು, ಬೆಲೆ ದುಪ್ಪಟ್ಟು" ಎಂದ. ಮಗಳ ಮದುವೆ ಹತ್ತಿರವಿತ್ತು. ಮಿತ್ರರು ನಮ್ಮನ್ನು ಕೇಳಿದರು: "ಏನ್ರೀ, ಬ್ರೇಕು, ಟೈರು, ಕ್ಲಚ್ಚು ಎಲ್ಲ ಬದಲಾಗಿವೆ. ಇದೊಂದರಲ್ಲೇನು ತಪ್ಪು?"

ಗಾಲಿ ರಥವೇ, ಅಚ್ಚು ರಥವೇ ಎಂದು ಭಿಕ್ಷು ನಾಗಸೇನ ಮಿಲಿಂದರಾಜನನ್ನು ಕೇಳಿದನಷ್ಟೆ. ಯಾವ ಒಂದು ಭಾಗವೂ ರಥವಲ್ಲವೆಂಬುದು ನಿಜ. ಆದರೆ ಆ ತತ್ತ್ವ ಸುಳ್ಳಿಗೆ ಪರವಾನಗಿಯಲ್ಲ. ಭಾಗ ಬದಲಿಸುವುದು ದೋಷವಲ್ಲ. ಬದಲಿಸಿದ್ದನ್ನು ಮುಚ್ಚಿಟ್ಟು ಕೊಳ್ಳುವವನನ್ನು ನಂಬಿಸುವುದು ದೋಷ. ಊರು ಬಿಟ್ಟು ಬಂದ ನಾವೂ ಮಾತು, ಊಟ, ಉಡುಪು ಬದಲಿಸಿಕೊಂಡವರೇ. ಅದನ್ನು ಒಪ್ಪಿಕೊಂಡು ಬಾಳುವುದರಲ್ಲಿ ನಾಚಿಕೆಯೇನು?

ಮಿತ್ರರು ದಲ್ಲಾಳಿಯನ್ನು ಕಳಿಸಿಬಿಟ್ಟು, ಕಚೇರಿಯ ಸೊಸೈಟಿಯಲ್ಲಿ ಸಾಲ ಎತ್ತಿದರು. ಮದುಮಗಳು ಅಜ್ಜನ ಡೀಸೆಲ್ ಡಾಜಿನಲ್ಲೇ ಮಂಟಪಕ್ಕೆ ಹೋದಳು.