ಔಷಧದಾನ ಮತ್ತು ದಾರಿಯ ಖರ್ಚು

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಜೈನಧರ್ಮವು ಶ್ರಾವಕನ, ಅಂದರೆ ಗೃಹಸ್ಥನಾಗಿದ್ದುಕೊಂಡೇ ವ್ರತ ಪಾಲಿಸುವವನ, ಕರ್ತವ್ಯಗಳಲ್ಲಿ ಎಣಿಸಿದೆ; ಶ್ರವಣಬೆಳಗೊಳದ ಶಾಸನಗಳು ದಾನಿಗಳನ್ನು ಹೊಗಳುವಾಗ ಈ ನಾಲ್ಕನ್ನೂ ಒಟ್ಟಿಗೇ ಹೇಳುತ್ತವೆ. ಕೊಡುವವನೂ ಪಡೆಯುವವನೂ ಎದುರುಬದುರು ನಿಂತಿರುತ್ತಾರೆಂಬ ಕಲ್ಪನೆ ಈ ಎಣಿಕೆಯ ಹಿಂದಿದೆ. ಔಷಧ ಒಂದು ನಗರದಲ್ಲಿ, ರೋಗಿ ಎಲ್ಲೋ ದೂರದ ತಾಲ್ಲೂಕಿನಲ್ಲಿ ಇದ್ದು, ನಡುವಿನ ದಾರಿಗೆ ಹಣ ಬೇಕಾದಾಗ ಆ ಹಣವೂ ಔಷಧದಾನದ ಭಾಗವೇ ಅಥವಾ ಅದರ ಹೊರಗಿನದೇ ಎಂಬ ಪ್ರಶ್ನೆಗೆ ಅಲ್ಲಿ ಎಡೆಯಿಲ್ಲ. ಇಂದು ಆ ಪ್ರಶ್ನೆಯನ್ನು ಎತ್ತದೆ ವಿಧಿಯಿಲ್ಲ. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಹೋಗಬೇಕಾದವನಿಗೆ, ವಾರಗಟ್ಟಲೆ ವಿಕಿರಣ ಚಿಕಿತ್ಸೆ ಪಡೆಯಬೇಕಾದವಳಿಗೆ, ಚಿಕಿತ್ಸೆ ಉಚಿತವಾಗಿದ್ದರೂ ಬಸ್ ಚಾರ್ಜು, ಆಟೋ ಬಾಡಿಗೆ, ಹೊರಗಿನ ಊಟ, ಜೊತೆಗೆ ಬಂದವರ ಕೂಲಿ ನಷ್ಟ ಇವು ಉಚಿತವಲ್ಲ. ಇವನ್ನು ತೂಗಿಸಲಾರದೆ ನಡುವೆಯೇ ಚಿಕಿತ್ಸೆ ಬಿಟ್ಟವನಿಗೂ ಔಷಧ ಒದಗಿಸಲಾಗಿತ್ತೆಂದು ಹೇಳುವ ಮಾತು ಕಡತದಲ್ಲಿ ಬರೆದಿಡಲಷ್ಟೇ ಯೋಗ್ಯ.

ಹಿಂದಿನವರಿಗೆ ದಾರಿಯ ಅರಿವೇ ಇರಲಿಲ್ಲವೆಂದಲ್ಲ. ಕ್ರಿ.ಪೂ. ಮೂರನೆಯ ಶತಮಾನದ ಅಶೋಕನ ಎರಡನೆಯ ಬೃಹತ್ ಶಿಲಾಶಾಸನವು ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡಾದುದನ್ನೂ, ಔಷಧಿಯ ಸಸ್ಯಗಳು ಇಲ್ಲದ ಕಡೆಗೆ ಅವನ್ನು ತರಿಸಿ ನೆಡಿಸಿದುದನ್ನೂ ತಿಳಿಸಿ, ಅದರ ಬೆನ್ನಿಗೇ ದಾರಿಗಳಲ್ಲಿ ಬಾವಿ ತೋಡಿಸಿ ಮರ ಬೆಳೆಸಿದ ಸಂಗತಿಯನ್ನು ಹೇಳುತ್ತದೆ. ರೋಗಿಯನ್ನು ಔಷಧದ ಬಳಿಗೆ ಕರೆಯುವ ಮೊದಲು ಔಷಧವನ್ನೇ ರೋಗಿಯ ಸೀಮೆಗೆ ಕಳಿಸುವ ಈ ಕ್ರಮವನ್ನು ಇಂದಿನ ಆರೋಗ್ಯ ಆಡಳಿತ ಪೂರ್ತಿಯಾಗಿ ಕಲಿತಿದೆಯೆಂದು ಹೇಳಲಾಗದು. ಲೂಕನ ಸುವಾರ್ತೆಯ ಸಮಾರ್ಯದವನ ಸಾಮತಿಯನ್ನು, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆಯನ್ನು, ಸಾಮಾನ್ಯವಾಗಿ ಕರುಣೆಯ ಕಥೆಯೆಂದು ಓದಲಾಗುತ್ತದೆ. ಆದರೆ ಅದರ ಬಹುಭಾಗ ಸಾಗಣೆ ಮತ್ತು ಖರ್ಚಿನ ವಿವರವೇ ಆಗಿದೆ. ಗಾಯಗೊಂಡವನನ್ನು ಅವನು ತನ್ನ ವಾಹನಪಶುವಿನ ಮೇಲೆ ಕೂರಿಸಿ ಛತ್ರಕ್ಕೆ ತರುತ್ತಾನೆ, ಮರುದಿನ ಎರಡು ದಿನಾರಿಗಳನ್ನು ಕೊಡುತ್ತಾನೆ, ಇನ್ನೂ ಹೆಚ್ಚು ಖರ್ಚಾದರೆ ಹಿಂತಿರುಗುವಾಗ ತೀರಿಸುವೆನೆಂದು ಒಪ್ಪಿಕೊಳ್ಳುತ್ತಾನೆ. ಗಾಯಾಳು ಯಾರ ಮಗ, ಯಾವ ಊರಿನವ ಎಂಬ ವಿಚಾರಣೆ ಅಲ್ಲಿಲ್ಲ.

ಭಾರತೀಯ ದಾನವಿಚಾರ ಆ ವಿಚಾರಣೆಯನ್ನು ಬಿಟ್ಟಿಲ್ಲ. ಮರಳಿ ಉಪಕಾರ ಮಾಡಲಾರದವನಿಗೆ, ತಕ್ಕ ದೇಶದಲ್ಲಿ, ತಕ್ಕ ಕಾಲದಲ್ಲಿ, ತಕ್ಕ ಪಾತ್ರನಿಗೆ ಕೊಟ್ಟದ್ದು ಸಾತ್ತ್ವಿಕ ದಾನವೆಂದು ಭಗವದ್ಗೀತೆಯ ಹದಿನೇಳನೆಯ ಅಧ್ಯಾಯ ಹೇಳುತ್ತದೆ. ಪಾತ್ರನೆಂದರೆ ಪಡೆಯಲು ಅರ್ಹನಾದವನು. ಶಂಕರರ ಭಾಷ್ಯದಲ್ಲಿ ದೇಶವೆಂದರೆ ಕುರುಕ್ಷೇತ್ರದಂಥ ಪುಣ್ಯಸ್ಥಳ, ಕಾಲವೆಂದರೆ ಸಂಕ್ರಾಂತಿಯಂಥ ಪರ್ವ, ಪಾತ್ರನೆಂದರೆ ವೇದಪಾರಂಗತ. ಆಧುನಿಕ ಕಲ್ಯಾಣ ಯೋಜನೆಗಳು ಇವುಗಳಲ್ಲಿ ಪಾತ್ರವಿಚಾರವೊಂದನ್ನೇ ಬಿಗಿಯಾಗಿ ಹಿಡಿದುಕೊಂಡು, ಬಿಪಿಎಲ್ ಕಾರ್ಡು, ಆದಾಯ ಪ್ರಮಾಣಪತ್ರ, ವೈದ್ಯರ ಮೊಹರು ಎಂದು ಅದನ್ನು ಬೆಳೆಸಿ, ದೇಶ ಕಾಲಗಳನ್ನು ಮರೆತಂತೆ ತೋರುತ್ತದೆ. 2008ರಲ್ಲಿ ಆರಂಭವಾದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯಲ್ಲಿ ಒಂದು ಸಲದ ಆಸ್ಪತ್ರೆ ದಾಖಲಾತಿಗೆ 100 ರೂಪಾಯಿಯಂತೆ, ವರ್ಷಕ್ಕೆ 1,000 ರೂಪಾಯಿ ಮೀರದಂತೆ ಪ್ರಯಾಣದ ಹಣವಿತ್ತು. ಅದು ಕೈಸೇರುತ್ತಿದ್ದುದು ಬಿಡುಗಡೆಯ ಹೊತ್ತಿಗೆ. ಊರಿಂದ ಹೊರಡಲು ಹಣವಿಲ್ಲದವನಿಗೆ ಊರಿಗೆ ಮರಳುವಾಗ ಸಿಗುವ ಹಣ ಮೊತ್ತದಲ್ಲಿ ಸರಿಯಿದ್ದರೂ ಕಾಲದಲ್ಲಿ ತಪ್ಪಿದ್ದು. ರೋಗಿಯ ಮಟ್ಟಿಗೆ ತಕ್ಕ ದೇಶವೆಂದರೆ ಅವನ ಊರಿನ ಬಸ್ ನಿಲ್ದಾಣ, ತಕ್ಕ ಕಾಲವೆಂದರೆ ಹೊರಡುವ ಮುನ್ನಿನ ಗಳಿಗೆ. ಗೀತೆಯ ಅದೇ ಅಧ್ಯಾಯವು ಅನಾದರದಿಂದ, ತಿರಸ್ಕಾರದಿಂದ ಕೊಟ್ಟದ್ದನ್ನು ತಾಮಸವೆನ್ನುತ್ತದೆ. ಕಿಟಕಿಯಿಂದ ಕಿಟಕಿಗೆ ಅಲೆಸಿ ಕೊಟ್ಟ ಭತ್ಯೆಯನ್ನು ಯಾವ ಗುಣದಲ್ಲಿ ಸೇರಿಸಬೇಕೆಂಬುದಕ್ಕೆ ದೊಡ್ಡ ವ್ಯಾಖ್ಯಾನ ಬೇಕಿಲ್ಲ.

ಅರ್ಹತೆಯನ್ನು ಬೇರೆ ರೀತಿಯಲ್ಲಿ ಅಳೆಯುವ ಕ್ರಮವೂ ಉಂಟು. ಝಕಾತ್, ಎಂದರೆ ಉಳ್ಳ ಮುಸ್ಲಿಮರು ಕಡ್ಡಾಯವಾಗಿ ತೆಗೆದಿಡಬೇಕಾದ ಧರ್ಮಾದಾಯ, ಯಾರಿಗೆ ಸಲ್ಲಬೇಕೆಂದು ಕುರಾನಿನ ಒಂಬತ್ತನೆಯ ಅಧ್ಯಾಯ ಹೇಳುವ ಎಂಟು ವರ್ಗಗಳಲ್ಲಿ ದಾರಿಹೋಕನೂ ಒಬ್ಬ. ಸ್ವಂತ ಊರಿನಲ್ಲಿ ಅನುಕೂಲಸ್ಥನಾಗಿದ್ದರೂ ದಾರಿಯಲ್ಲಿ ಕೈ ಬರಿದಾದವನು ಅದನ್ನು ಪಡೆಯಬಹುದೆಂಬುದು ಧರ್ಮಶಾಸ್ತ್ರಜ್ಞರ ಸಾಮಾನ್ಯ ಅಭಿಪ್ರಾಯ. ಇಲ್ಲಿ ಅಳತೆಗೋಲು ಮನುಷ್ಯನ ಅಂತಸ್ತಲ್ಲ, ಅವನು ನಿಂತಿರುವ ಸ್ಥಿತಿ. ಮೂರು ಎಕರೆ ಹೊಲವಿದ್ದೂ ಬೆಂಗಳೂರಿನ ಆಸ್ಪತ್ರೆಯ ಜಗಲಿಯಲ್ಲಿ ಮಲಗಿ ದಿನ ದೂಡುವ ರೈತನನ್ನು ಕಾರ್ಡಿನ ಬಣ್ಣ ಗುರುತಿಸಲಾರದು. ದಾರಿಹೋಕನ ವರ್ಗ ಗುರುತಿಸಬಲ್ಲುದು.

ಇಷ್ಟಾದರೂ ಇವೆಲ್ಲ ದಾನದ ಚೌಕಟ್ಟಿನೊಳಗಿನ ಮಾತುಗಳೇ. ದಾರಿಯ ಖರ್ಚು ಆ ಚೌಕಟ್ಟಿಗೆ ಸರಿಯಾಗಿ ಕೂರುವುದಿಲ್ಲ. ರೋಗ ದೈವದಿಂದಲೋ ಕರ್ಮದಿಂದಲೋ ಬಂದಿತೆಂದು ವಾದಿಸುವವರೂ ಬೀದರಿನ ರೋಗಿಗೂ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಗೂ ನಡುವಿನ 600 ಕಿಲೋಮೀಟರಿಗೂ ಮೀರಿದ ಅಂತರ ಕರ್ಮದಿಂದ ಬಂದಿತೆಂದು ಹೇಳಲಾರರು. ದೊಡ್ಡ ಆಸ್ಪತ್ರೆಗಳು ಎಲ್ಲಿರಬೇಕೆಂದು ಕೆಲವರು ಕೂತು ತೀರ್ಮಾನಿಸಿದ್ದರ ಫಲ ಅದು. ಎಲ್ಲ ಊರಿನಲ್ಲೂ ಅಂಥ ಆಸ್ಪತ್ರೆ ಕಟ್ಟಲಾಗದೆಂಬುದು ನಿಜ, ಆ ತೀರ್ಮಾನ ವಿವೇಕದ್ದೇ ಇರಬಹುದು. ಆದರೆ ಅದರ ಲಾಭ ನಗರದವರಿಗೂ ಅದರ ವೆಚ್ಚ ದೂರದವರಿಗೂ ಹಂಚಿಹೋದಾಗ ನಗರದ ಮೇಲೆ ಉಳಿಯುವುದು ಋಣ. ಮನುಷ್ಯನು ದೇವತೆಗಳಿಗೆ, ಋಷಿಗಳಿಗೆ, ಪಿತೃಗಳಿಗೆ ಋಣಿಯಾಗಿಯೇ ಹುಟ್ಟುತ್ತಾನೆಂಬ ಪ್ರಸಿದ್ಧ ಎಣಿಕೆಗೆ ಶತಪಥ ಬ್ರಾಹ್ಮಣವು ನಾಲ್ಕನೆಯದಾಗಿ ಮನುಷ್ಯಋಣವನ್ನೂ ಸೇರಿಸಿ, ಜನರಿಗೆ ವಸತಿಯನ್ನೂ ಊಟವನ್ನೂ ಒದಗಿಸಿ ಅದನ್ನು ತೀರಿಸಬೇಕೆನ್ನುತ್ತದೆ. ಸಾಲ ತೀರಿಸುವವನು ಸಾಲಿಗನ ಪಾತ್ರತೆಯನ್ನು ವಿಚಾರಿಸುವುದಿಲ್ಲ, ಕೃತಜ್ಞತೆಯನ್ನು ನಿರೀಕ್ಷಿಸುವುದೂ ಇಲ್ಲ. 1996ರಲ್ಲಿ ಪಶ್ಚಿಮ ಬಂಗಾಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ತುರ್ತು ಚಿಕಿತ್ಸೆಯನ್ನು ಜೀವಿಸುವ ಹಕ್ಕಿನೊಳಗೆ ಸೇರಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ದೊಡ್ಡ ಆಸ್ಪತ್ರೆಗೆ ರೋಗಿಯನ್ನು ಸಾಗಿಸುವ ಆಂಬುಲೆನ್ಸ್ ವ್ಯವಸ್ಥೆಯನ್ನೂ ಸರ್ಕಾರದ ಹೊಣೆಗಳಲ್ಲಿ ಎಣಿಸಿದ್ದು ಈ ನೋಟಕ್ಕೆ ಹತ್ತಿರದ್ದು.

ಈಗಿರುವ ಸೌಲಭ್ಯಗಳಲ್ಲಿ ಕೆಲವು ದಾನದ ಮನೋಭಾವದವು, ಕೆಲವು ಋಣದವು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಗರ್ಭಿಣಿಯನ್ನು ಮನೆಯಿಂದ ಆಸ್ಪತ್ರೆಗೆ, ಅಗತ್ಯಬಿದ್ದರೆ ಅಲ್ಲಿಂದ ಇನ್ನೊಂದು ಆಸ್ಪತ್ರೆಗೆ, ಕೊನೆಗೆ ಮರಳಿ ಮನೆಗೆ ಉಚಿತವಾಗಿ ತಲುಪಿಸುತ್ತದೆ. ಕರ್ನಾಟಕದ ನಗು-ಮಗು ವಾಹನಗಳು ಈ ಕೊನೆಯ ಹಂತಕ್ಕೆಂದೇ ಬಂದವು. ಹಿಂತಿರುಗುವ ದಾರಿಯನ್ನೂ ಲೆಕ್ಕಕ್ಕೆ ಹಿಡಿದ ಯೋಜನೆ ಅಪರೂಪ. ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ಕೊಡುವ 2023ರ ಶಕ್ತಿ ಯೋಜನೆ ರೋಗಿಗಳಿಗಾಗಿ ರೂಪುಗೊಂಡದ್ದಲ್ಲದಿದ್ದರೂ ಹೆಂಗಸರಿಗೆ ಆದಾಯದ ಪುರಾವೆ ಕೇಳದೆ ಆಸ್ಪತ್ರೆಯ ದಾರಿಯನ್ನು ತೆರೆಯಿತು. ಖಾಸಗಿ ಬಸ್ಸುಗಳೇ ಹೆಚ್ಚಾಗಿರುವ ಕರಾವಳಿಯಲ್ಲಿ ಮಾತ್ರ ಅದರ ಫಲ ತೆಳು. ರೈಲ್ವೆ ಇಲಾಖೆ ಕ್ಯಾನ್ಸರ್ ರೋಗಿಗೆ ಸ್ಲೀಪರ್ ದರ್ಜೆಯಲ್ಲಿ ಪೂರ್ತಿ, ಜೊತೆಯವರಿಗೆ ಶೇ. 75ರಷ್ಟು ರಿಯಾಯಿತಿ ಕೊಡುತ್ತದೆ, ಆದರೆ ಹಳ್ಳಿಯಿಂದ ಸ್ಟೇಷನ್ನಿನವರೆಗಿನ ದಾರಿ ಅದರ ವ್ಯಾಪ್ತಿಯ ಹೊರಗಿದೆ.

ಹೀಗೆ ಒಂದೊಂದೇ ಖರ್ಚನ್ನು ಒಪ್ಪುತ್ತಾ ಹೋದರೆ ಕೊನೆಯೆಲ್ಲಿ ಎಂಬ ಆಕ್ಷೇಪ ಬರಬಹುದು. ಒಂದನ್ನು ಸಮರ್ಥಿಸಲು ಇನ್ನೊಂದು, ಅದಕ್ಕೆ ಮತ್ತೊಂದು ಎಂದು ನಿಲುಗಡೆಯಿಲ್ಲದೆ ಸಾಗುವ ಈ ದೋಷವನ್ನು ತರ್ಕಶಾಸ್ತ್ರ ಅನವಸ್ಥೆಯೆನ್ನುತ್ತದೆ. ದಾನಕ್ಕೆ ಈ ಆಕ್ಷೇಪ ತಗಲುತ್ತದೆ, ಏಕೆಂದರೆ ಕರುಣೆಗೆ ತನ್ನದೇ ಆದ ಗಡಿಯಿಲ್ಲ. ಋಣಕ್ಕೆ ಗಡಿಯಿದೆ: ಆಸ್ಪತ್ರೆ ರೋಗಿಯ ಊರಿನಲ್ಲೇ ಇದ್ದಿದ್ದರೆ ತಗಲದೆ ಉಳಿಯುತ್ತಿದ್ದ ಖರ್ಚೆಷ್ಟೋ ಅಷ್ಟೇ ಅದರ ಮೊತ್ತ. ಈ ಲೆಕ್ಕದಲ್ಲಿ ರೋಗಿಯ ಮನೆಯ ಬಾಡಿಗೆ ಬರುವುದಿಲ್ಲ. ಪರಸ್ಥಳದ ಊಟ ವಸತಿ ಬರುತ್ತದೆ, ಮತ್ತು ಟಿಕೆಟ್ಟಿನ ರಿಯಾಯಿತಿ ಪಡೆದೂ ದಿನಗೂಲಿ ಕಳೆದುಕೊಂಡು ಜೊತೆಗೆ ಬಂದವನ ನಷ್ಟವೂ ಬಹುಪಾಲು ಬರುತ್ತದೆ, ಆಸ್ಪತ್ರೆ ಹತ್ತಿರವಿದ್ದಿದ್ದರೆ ಅವನು ಅರ್ಧ ದಿನದಲ್ಲಿ ಮುಗಿಸಿ ಕೆಲಸಕ್ಕೆ ಹೋಗುತ್ತಿದ್ದನಾದ್ದರಿಂದ.