ಕೊರತೆಯೂ ಬಯಕೆಯೂ

ಆಂಗ್ಲ ಭಾಷೆಯ ‘ವಾಂಟ್’ ಎಂಬ ಶಬ್ದಕ್ಕೆ ಮೊದಲಿದ್ದ ಅರ್ಥ ಬಯಕೆಯಲ್ಲ, ಕೊರತೆ. ಪ್ರಾಚೀನ ನಾರ್ಸ್ ಭಾಷೆಯಿಂದ ಬಂದ ಈ ಶಬ್ದವು ಸಂಸ್ಕೃತದ ‘ಊನ’ಕ್ಕೆ ದೂರದ ದಾಯಾದಿಯೆಂಬುದು ಭಾಷಾಶಾಸ್ತ್ರಜ್ಞರ ಮತ. 1611ರ ಆಂಗ್ಲ ಬೈಬಲ್ಲಿನ ಇಪ್ಪತ್ತಮೂರನೆಯ ಕೀರ್ತನೆಯಲ್ಲಿ ಭಕ್ತನು ಇದೇ ಶಬ್ದದಿಂದ, ದೇವರು ಕಾಯುವವನಾದುದರಿಂದ ತನಗೆ ಕೊರತೆಯಾಗದೆನ್ನುತ್ತಾನೆ. ಇಂದಿನ ಓದುಗನು ಅದನ್ನು ‘ಏನನ್ನೂ ಬಯಸೆನು’ ಎಂದು ತಿಳಿಯುವುದುಂಟು. ಅದು ವೈರಾಗ್ಯದ ಮಾತು. ಒಳ್ಳೆಯದೇ, ಆದರೆ ಅಲ್ಲಿ ಹೇಳಿದ್ದು ಅದಲ್ಲ.

ಹಸಿದವನಿಗೆ ಅನ್ನದ ಕೊರತೆ. ಉಂಡವನಿಗೆ ಮತ್ತೊಂದು ಹೋಳಿಗೆಯ ಬಯಕೆ. ಎರಡಕ್ಕೂ ಒಂದೇ ಹೆಸರಿಟ್ಟರೆ ಹಸಿದವನ ನ್ಯಾಯ ಮರೆಯಾದೀತು. ಕನ್ನಡದಲ್ಲಿ ‘ಇಲ್ಲ’ ಬೇರೆ, ‘ಬೇಕು’ ಬೇರೆ. ಆದರೂ ಸನ್ನಿಧಿಯಲ್ಲಿ ಕೈಮುಗಿದು ನಿಂತವನು, ತಾನು ಒಪ್ಪಿಸುತ್ತಿರುವುದು ಊನವನ್ನೋ ಆಸೆಯನ್ನೋ ಎಂದು ಎಷ್ಟು ಸಾರಿ ವಿಚಾರಿಸಿಕೊಂಡಾನು?