ಗೆರೆಯಾಚೆ ನಿಂತವರು

ನಮ್ಮ ನೆಗಮದ ನೇಕಾರರ ಮನೆಯಲ್ಲಿ ವಾಸವೂ ವೃತ್ತಿಯೂ ಒಂದೇ ಸೂರಿನಡಿ. ನಡುಮನೆಯಲ್ಲಿ ಗುಂಡಿಮಗ್ಗ, ಅದರ ಪಕ್ಕದಲ್ಲೇ ತೊಟ್ಟಿಲು. 2023ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ನೆಗಮದ ಹತ್ತಿ ಸೀರೆ ಬೆಳೆದು ಬಂದದ್ದು ಇಂಥ ಮನೆಗಳಲ್ಲಿ. ಇಲ್ಲಿ ವಾಸ, ಇಲ್ಲಿ ಕೈಗಾರಿಕೆ, ಇಲ್ಲಿ ಬೇಸಾಯ ಎಂದು ನೆಲಕ್ಕೆ ಗೆರೆ ಎಳೆಯುವ ಕ್ರಮವನ್ನು ನಮ್ಮ ಹಿರಿಯರು ಅರಿಯರು.

ಈ ಕ್ರಮ ಅವಿವೇಕದ್ದೆಂದು ನಾನು ಹೇಳಲಾರೆ. ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳಿಂದ ನೊಯ್ಯಲ್ ನದಿಗೆ ಒದಗಿದ ಗತಿಯನ್ನು ಕಂಡವರು ನಿಯಮವೇ ಬೇಡವೆನ್ನುವುದಿಲ್ಲ. ಆದರೆ ಗೆರೆ ಕೊಳೆಯನ್ನಷ್ಟೇ ತಡೆಯುವುದಿಲ್ಲ, ಮನುಷ್ಯರನ್ನೂ ತಡೆಯುತ್ತದೆ. ಅಮೆರಿಕದಲ್ಲಿ ಯೂಕ್ಲಿಡ್ ಎಂಬ ಹಳ್ಳಿಯ ವಲಯ ನಿಯಮವನ್ನು (ರೇಖಾಗಣಿತ ಕಲಿಸಿದವನಿಗೆ ಆ ಹೆಸರು ಕೇಳಿ ನಗು ಬಂತು) ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 1926ರಲ್ಲಿ ಎತ್ತಿಹಿಡಿದಾಗ, ಒಂಟಿ ಮನೆಗಳ ನಡುವೆ ಏಳುವ ಬಹುಮಹಡಿ ವಸತಿಯನ್ನು ಪರೋಪಜೀವಿಗೆ ಹೋಲಿಸಿತು. ಅಲ್ಲಿ ವಾಸಿಸಬೇಕಾದವರೂ ಮನುಷ್ಯರೇ ಅಲ್ಲವೆ?

ನಮ್ಮ ರಾಜ್ಯದ ನಗರ ಮತ್ತು ಗ್ರಾಮ ಯೋಜನಾ ಕಾಯಿದೆ 1971ರದು. ಅನುಮೋದಿತ ನಿವೇಶನದ ಬೆಲೆ ಎಟುಕದ ಬಡವರು ಅನುಮೋದನೆಯಿಲ್ಲದ್ದನ್ನೇ ಕೊಂಡರು. 2016ರಲ್ಲಿ ಮದ್ರಾಸ್ ಹೈಕೋರ್ಟ್ ಅಂಥವುಗಳ ನೋಂದಣಿಗೆ ತಡೆಯೊಡ್ಡಿತು. ಸಕ್ರಮಗೊಳಿಸುವ ನಿಯಮ 2017ರಲ್ಲಿ ಬಂತು. ನಡುವಿನ ತಿಂಗಳುಗಳಲ್ಲಿ ಮಗಳ ಮದುವೆಗೆಂದು ಒಂದು ತುಂಡು ನೆಲ ಮಾರಹೊರಟವನ ಪಾಡನ್ನು ಓದುಗರೇ ಊಹಿಸಬೇಕು. ಹೊಸ ಮನೆಗಳು ಏಳದಿದ್ದರೆ ಇರುವ ಮನೆಯ ಬೆಲೆ ಏರುತ್ತದೆ. ಮನೆಯುಳ್ಳವನಿಗೆ ಅದು ಲಾಭ, ಇಲ್ಲದವನಿಗೆ ಬಾಡಿಗೆಯ ಭಾರ.

ಈ ಮಾತು ನನಗೆ ತಿಳಿದದ್ದು ತಡವಾಗಿ. ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ಹಿಂದಿನ ತೆಂಗಿನ ತೋಪು ನಿವೇಶನಗಳಾಗಲಿದೆಯೆಂಬ ಸುದ್ದಿ ಬಂತು. ನೆರಳು ಹೋದೀತು, ಬಾವಿಗಳು ಬತ್ತಿಯಾವು ಎಂದು ಆಕ್ಷೇಪಣೆಯ ಅರ್ಜಿಯನ್ನು ನಾನೇ ಬರೆದೆ. ಸಹಿ ಹಾಕಿದವರೆಲ್ಲ ಸ್ವಂತ ಮನೆಯವರು. ಸುಳ್ಳನ್ನೇನೂ ಬರೆದಿರಲಿಲ್ಲ. ತೋಪು ಉಳಿಯಿತು.

ಬಳಿಕ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಾಡಿಗೆ ಮನೆ ಹುಡುಕುತ್ತ ಬಂದ. ಅಣ್ಣತಮ್ಮಂದಿರ ಎರಡು ಸಂಸಾರಕ್ಕೆ ಒಂದೇ ನಡುಮನೆ, ಅಲ್ಲಿ ಮಗ್ಗವನ್ನು ಎಲ್ಲಿಡುವುದು? "ಅಯ್ಯಾ, ಅರ್ಜಿ ಬರೆಯುವಾಗ ನಮ್ಮ ನೆನಪು ಬರಲಿಲ್ಲವೆ?" ಎಂದ. ಸಿಟ್ಟಿನಿಂದಲ್ಲ, ಕೇಳಬೇಕೆಂದು ಕೇಳಿದ. ನಿವೇಶನವಾಗಿದ್ದರೂ ಅದರ ಬೆಲೆ ಅವನಿಗೆ ಎಟುಕುತ್ತಿತ್ತೋ ಇಲ್ಲವೋ ಎಂದು ನನ್ನನ್ನು ನಾನು ಸಮಾಧಾನಪಡಿಸಿಕೊಂಡದ್ದುಂಟು. ಆದರೆ ಅವನ ಪ್ರಶ್ನೆ ಬೆಲೆಯದಾಗಿರಲಿಲ್ಲ.

ಅವನೀಗ ತಿರುಪ್ಪೂರಿನಲ್ಲಿ ಬನಿಯನ್ ಕಂಪನಿಯ ಕೆಲಸದಲ್ಲಿದ್ದಾನೆ. ಮಗ್ಗವನ್ನು ಬಿಚ್ಚಿ ಅಟ್ಟದ ಮೇಲೆ ಇಟ್ಟಿದ್ದಾರೆ. ನಾನು ದಿನವೂ ಬೆಳಿಗ್ಗೆ ಆ ತೋಪಿನ ನೆರಳಿನಲ್ಲೇ ನಡೆದು ಬರುತ್ತೇನೆ.